ಬೆಲ್ ಹೊಡೆದರೆ ಸಾಲದು: ಮೊಬೈಲ್ ನೋಡುತ್ತಾ ನಡೆಯುವವರ ನಡುವೆ ಸೈಕಲ್ ತುಳಿಯುವುದು ಹೇಗೆ

ಭಾನುವಾರ ಬೆಳಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ಕಾರು, ಬೈಕು ಬಿಡುವುದಿಲ್ಲ. ಆಗ ಆ ರಸ್ತೆ ಯಾರ ಪಾಲಿಗೆ ಬರುತ್ತದೆ ನೋಡಿ. ಸೈಕಲ್ ಕಲಿಯುವ ಮಕ್ಕಳು, ಹಿಂದೆ ಸೀಟು ಹಿಡಿದುಕೊಂಡು ಓಡುವ ಅಪ್ಪಂದಿರು, ನಾಯಿ ಹಿಡಿದವರು, ನಡುರಸ್ತೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಸ್ಪೀಕರ್ ಹಾಕಿಕೊಂಡು ಅಮೆರಿಕದ ಮಗನ ಜೊತೆ ಮಾತಾಡುತ್ತಾ ನಡೆಯುವ ಹಿರಿಯರು, ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಓಡುವ ಹುಡುಗರು. ಇವರೆಲ್ಲರ ಮಧ್ಯೆ ಸೈಕಲ್ ತುಳಿಯುವ ನಾವು.

ಕಾರು ಇಲ್ಲ ಅಂದ ತಕ್ಷಣ ಎಲ್ಲರಿಗೂ ಒಂದು ನಿರಾಳ ಬರುತ್ತದೆ. ಅದು ಒಳ್ಳೆಯದೇ. ಆದರೆ ಆ ನಿರಾಳದಲ್ಲಿ ಎಲ್ಲರೂ ಮೈಮರೆಯುತ್ತಾರೆ. ಕೆರೆ ಏರಿ, ಲೇಔಟಿನ ಪಾರ್ಕು, ಅಪಾರ್ಟ್‌ಮೆಂಟಿನ ಸುತ್ತುದಾರಿ, ಅಗಲವಾದ ಫುಟ್‌ಪಾತು, ಎಲ್ಲ ಕಡೆಯೂ ಇದೇ ಕಥೆ.

ಈ ಬರಹದ ಮುಕ್ಕಾಲು ಭಾಗ ಸೈಕಲ್ ತುಳಿಯುವವರಿಗೆ. ನಡೆಯುವವರಿಗೆ ಸ್ವಲ್ಪವೇ ಇದೆ. ಹೀಗೆ ಹಂಚಿದ್ದು ಬೇಕಂತಲೇ. ಮೊಬೈಲ್ ನೋಡುತ್ತಾ ನಡೆಯುವುದು ತಪ್ಪು ಅಂತ ವಾದ ಮಾಡಬಹುದು, ಆದರೆ ಇಬ್ಬರಲ್ಲಿ ಜೋರಾಗಿ ಬರುತ್ತಿರುವವರು ನಾವು. ವೇಗ ಯಾರ ಕೈಯಲ್ಲಿದೆಯೋ ಅದನ್ನು ಇಳಿಸಲು ಆಗುವುದೂ ಅವರಿಗೇ.

ಮೊದಲು ಬೆಲ್ ಮೇಲಿನ ಭರವಸೆ ಬಿಡಿ

"ನಾನು ಬೆಲ್ ಹೊಡೆದೆ, ಅವರೇ ಸರಿಯಲಿಲ್ಲ." ಡಿಕ್ಕಿ ಆದ ಮೇಲೆ ಸೈಕಲ್‌ನವರ ಬಾಯಲ್ಲಿ ಬರುವ ಮಾತು ಇದು. ಬೆಲ್ ಹೊಡೆದಿದ್ದು ನಿಜವೇ ಇರಬಹುದು. ಎದುರಿನವರ ತಲೆಗೆ ಅದು ಹೋಗಿತ್ತಾ ಅನ್ನುವುದು ಬೇರೆ ಪ್ರಶ್ನೆ.

ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಐರಾ ಹೈಮನ್ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ಒಂದು ತಮಾಷೆಯ ಪ್ರಯೋಗ ಮಾಡಿದ್ದರು. ಅದು ಪ್ರಕಟವಾದದ್ದು 2010ರಲ್ಲಿ. ಜನ ಓಡಾಡುವ ಅಂಗಳದಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟ ವಿದೂಷಕನೊಬ್ಬನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಕೂರಿಸಿ ಸುತ್ತಾಡಲು ಬಿಟ್ಟರು. ಅಂಗಳ ದಾಟಿ ಬಂದವರನ್ನು, "ವಿದೂಷಕನನ್ನು ನೋಡಿದಿರಾ?" ಅಂತ ಕೇಳಿದರು. ಫೋನಿನಲ್ಲಿ ಮಾತಾಡುತ್ತಾ ಬಂದವರಲ್ಲಿ ನೋಡಿದ್ದು ಶೇ. 25 ಜನ ಮಾತ್ರ. ಒಬ್ಬರೇ ಸುಮ್ಮನೆ ನಡೆದು ಬಂದವರಲ್ಲಿ ಶೇ. 51. ಜೊತೆಯಾಗಿ ಮಾತಾಡುತ್ತಾ ಬಂದ ಇಬ್ಬಿಬ್ಬರಲ್ಲಿ ಶೇ. 71.

ನಮಗೆ ಹೆಚ್ಚು ಬೇಕಾದ ಸಂಖ್ಯೆ ಇನ್ನೊಂದಿದೆ. ಕಿವಿಗೆ ಹಾಡು ಹಾಕಿಕೊಂಡು ಬಂದವರಲ್ಲಿ ಶೇ. 61 ಜನ ವಿದೂಷಕನನ್ನು ನೋಡಿದ್ದರು. ಅಂದರೆ ಹಾಡು ಕೇಳುವವರ ಕಣ್ಣು ದಾರಿಯ ಮೇಲೇ ಇರುತ್ತದೆ. ಫೋನಿನಲ್ಲಿ ಮಾತಾಡುವವರ ಕಣ್ಣು ತೆರೆದಿದ್ದರೂ ಮನಸ್ಸು ಇನ್ನೆಲ್ಲೋ ಇರುತ್ತದೆ. ಹಾಗಾಗಿ ನಮ್ಮ ಮುಂದೆ ಎರಡು ಬಗೆಯ ಜನ ಇದ್ದಾರೆ. ಒಬ್ಬರಿಗೆ ಬೆಲ್ ಕೇಳಿಸುವುದಿಲ್ಲ, ಆದರೆ ಎದುರಿನಿಂದ ಬಂದರೆ ಕಾಣಿಸುತ್ತೀರಿ. ಇನ್ನೊಬ್ಬರಿಗೆ ಕೇಳಿಸಿದರೂ, ಕಂಡರೂ ಅದು ಒಳಗೆ ಇಳಿಯುವುದಿಲ್ಲ. ಇವರ ಜೊತೆಗೆ ನಿಜವಾಗಿಯೂ ಕಿವಿ ಕೇಳದ ಹಿರಿಯರೂ ಇದ್ದಾರೆ. ಹಿಂದಿನಿಂದ ಬರುವ ನಮಗೆ ಯಾರು ಯಾವ ಬಗೆ ಅಂತ ಗೊತ್ತಾಗುವುದು ಹೇಗೆ?

ಗೊತ್ತಾಗುವುದಿಲ್ಲ. ಅದಕ್ಕೇ ಮುಂದಿನದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ: ನಾನು ಬರುತ್ತಿರುವುದು ಅವರಿಗೆ ಗೊತ್ತೇ ಇಲ್ಲ.

ಹೆಜ್ಜೆ 1: ಇದು ಸೈಕಲ್ ತುಳಿಯುವ ಜಾಗವೇ ನೋಡಿ

ಎಷ್ಟೋ ಕೆರೆ ಏರಿಗಳಲ್ಲಿ, ಪಾರ್ಕುಗಳಲ್ಲಿ ಸೈಕಲ್ ಬಿಡುವುದಿಲ್ಲ. ಗೇಟಿನ ಬಳಿ ಬೋರ್ಡ್ ಇರುತ್ತದೆ, ಓದಿ. ಕಾವಲಿನವರ ಜೊತೆ ವಾದಕ್ಕೆ ಇಳಿಯಬೇಡಿ.

ಫುಟ್‌ಪಾತಿನ ವಿಷಯ ಇನ್ನೂ ಸರಳ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕಡಿಮೆ ಅಂದರೆ 1.8 ಮೀಟರ್ ಅಗಲ ಇರಬೇಕು. ಟ್ರಾನ್ಸ್‌ಫಾರ್ಮರ್, ಮರದ ಬುಡ, ನಿಲ್ಲಿಸಿದ ಸ್ಕೂಟರ್ ಎಲ್ಲ ಕಳೆದ ಮೇಲೆ ಅಷ್ಟು ಉಳಿದಿದ್ದರೆ ನಮ್ಮ ಪುಣ್ಯ. ಉಳಿದೇ ಇದೆ ಅಂತ ಇಟ್ಟುಕೊಳ್ಳಿ. ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಹ್ಯಾಂಡಲ್ಲೇ ಸುಮಾರು 70 ಸೆಂ.ಮೀ. ಚೀಲ ಹಿಡಿದು ನಡೆಯುವ ಒಬ್ಬರಿಗೆ ಇನ್ನೊಂದು 70 ಬೇಕು. ಮಧ್ಯೆ ಉಳಿಯುವುದು ಮೊಣಕೈ ತಗಲುವಷ್ಟು ಜಾಗ. ಟ್ರಾಫಿಕ್ಕಿಗೆ ಹೆದರಿ ಫುಟ್‌ಪಾತ್ ಹತ್ತಲೇಬೇಕಾಯಿತು ಅಂದರೆ ಇಳಿದು ತಳ್ಳಿಕೊಂಡು ಹೋಗಿ. ಆ ಹೆದರಿಕೆ ಸುಳ್ಳಲ್ಲ, 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥದೊಳಗೂ ಬೈಕುಗಳು ನುಗ್ಗುತ್ತಿದ್ದವು. ಆದರೆ ರಸ್ತೆಯಲ್ಲಿ ನಮಗೆ ಆಗುವ ಭಯವನ್ನು ಫುಟ್‌ಪಾತಿನ ಅಜ್ಜಿಗೆ ದಾಟಿಸುವುದು ನ್ಯಾಯ ಅಲ್ಲ.

ಹೆಜ್ಜೆ 2: ಹೊರಡುವ ಮುಂಚೆ ಎರಡು ನಿಮಿಷ

ಎರಡೂ ಬ್ರೇಕ್ ಹಿಡಿದು ನೋಡಿ. ಲಿವರ್ ಹ್ಯಾಂಡಲ್ ಬಾರಿಗೆ ತಾಗುವ ತನಕ ಬರುತ್ತಿದ್ದರೆ ವೈರ್ ಬಿಗಿ ಮಾಡಿಸಿ. ಯಾವ ಕೈಯ ಲಿವರ್ ಯಾವ ಚಕ್ರದ್ದು ಅಂತ ತಿಳಿದುಕೊಳ್ಳಿ, ಬಾಡಿಗೆ ಸೈಕಲ್ ಆದರೆ ಇದು ಇನ್ನೂ ಮುಖ್ಯ.

ಜನ ಇರುವ ಕಡೆ ಹೋಗುವುದಾದರೆ ಸೀಟು ಒಂದೆರಡು ಬೆರಳು ಇಳಿಸಿ. ಕೂತಲ್ಲಿಂದಲೇ ಒಂದು ಕಾಲು ನೆಲಕ್ಕೆ ಸಿಗಬೇಕು. ಉದ್ದ ಸವಾರಿಗೆ ಇದು ಸರಿಯಾದ ಎತ್ತರ ಅಲ್ಲ, ಮಂಡಿ ನೋಯುತ್ತದೆ. ಪಾರ್ಕಿನ ಮಟ್ಟಿಗೆ ಸಾಕು.

ಇನ್ನು ನಿಮ್ಮ ಮೊಬೈಲು. ಅದು ಬ್ಯಾಗಿನಲ್ಲಿರಲಿ. ನೆದರ್‌ಲ್ಯಾಂಡ್ಸ್‌ನಂಥ ಸೈಕಲ್ ದೇಶವೇ 2019ರ ಜುಲೈನಿಂದ ಸೈಕಲ್ ತುಳಿಯುವಾಗ ಕೈಯಲ್ಲಿ ಮೊಬೈಲ್ ಹಿಡಿಯುವುದನ್ನು ನಿಷೇಧಿಸಿತು. ಜಪಾನ್ 2024ರ ನವೆಂಬರಿನಿಂದ ಇದಕ್ಕೆ ಜೈಲು ಶಿಕ್ಷೆಯವರೆಗೂ ಹೋಗಿದೆ. ನಾವೇ ಹ್ಯಾಂಡಲ್ ಮೇಲೆ ಸ್ಟ್ರಾವಾ (ಸವಾರಿಯ ವೇಗ, ದೂರ ದಾಖಲಿಸುವ ಆ್ಯಪ್) ನೋಡಿಕೊಂಡು ಹೋಗುತ್ತಾ, ಮೊಬೈಲ್ ನೋಡಿ ನಡೆಯುವವರನ್ನು ಬೈಯುವುದು ಚೆನ್ನಾಗಿರುವುದಿಲ್ಲ ಅಲ್ವಾ? ಪಾರ್ಕಿನ ಒಳಗೆ ದಾಖಲೆ ಮುರಿಯುವ ಆಸೆ ಇದ್ದರೆ ಬೆಳಗಿನ ಜಾವ ನಂದಿ ಬೆಟ್ಟದ ಕಡೆ ಹೋಗಿ.

ಹೆಜ್ಜೆ 3: ವೇಗವನ್ನು ಮೀಟರಿನಲ್ಲಿ ಅಳೆಯಿರಿ

ಗಂಟೆಗೆ ಇಷ್ಟು ಕಿಲೋಮೀಟರ್ ಅಂದರೆ ಮನಸ್ಸಿಗೆ ಏನೂ ಹೊಳೆಯುವುದಿಲ್ಲ. ನಿಲ್ಲಲು ಎಷ್ಟು ದೂರ ಬೇಕು ಅಂತ ಕೇಳಿ, ಆಗ ಗೊತ್ತಾಗುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯುತ್ತದೆ ಅಂತ ಹಿಡಿಯೋಣ. ನೆಲ ಒಣಗಿದೆ, ಬ್ರೇಕ್ ಚೆನ್ನಾಗಿದೆ. ಆಗ ಲೆಕ್ಕ ಸುಮಾರು ಹೀಗೆ ಬರುತ್ತದೆ:

- ಗಂಟೆಗೆ 8 ಕಿ.ಮೀ. ವೇಗದಲ್ಲಿ ನಿಲ್ಲಲು 3 ಮೀಟರ್
- 15 ಕಿ.ಮೀ. ವೇಗದಲ್ಲಿ 7 ಮೀಟರ್
- 20 ಕಿ.ಮೀ. ವೇಗದಲ್ಲಿ 11 ಮೀಟರ್
- 25 ಕಿ.ಮೀ. ವೇಗದಲ್ಲಿ 15 ಮೀಟರ್

ಮೊಬೈಲ್ ನೋಡುತ್ತಾ ನಡೆಯುವವರು ಒಂದು ಹೆಜ್ಜೆ ಪಕ್ಕಕ್ಕೆ ಇಡಲು ಒಂದು ಸೆಕೆಂಡ್ ಕೂಡ ಬೇಡ. ಆ ಸೆಕೆಂಡಿನಲ್ಲಿ 20 ಕಿ.ಮೀ. ವೇಗದ ಸೈಕಲ್ ಐದೂವರೆ ಮೀಟರ್ ಮುಂದೆ ಬಂದಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಇನ್ನೊಂದು ವಿಷಯ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ.

ಸ್ಪೀಡೋಮೀಟರ್ ಇಲ್ಲದ ಸೈಕಲ್ಲಿನಲ್ಲಿ ವೇಗ ತಿಳಿಯುವುದು ಹೇಗೆ? ಜಾಗಿಂಗ್ ಮಾಡುವವರನ್ನು ನೋಡಿ. ನಿಧಾನವಾಗಿ ಓಡುವವರು ಗಂಟೆಗೆ 8 ಕಿ.ಮೀ. ಆಸುಪಾಸಿನಲ್ಲಿ ಇರುತ್ತಾರೆ. ಜನ ದಟ್ಟವಾಗಿರುವಲ್ಲಿ ಅವರನ್ನು ಹಿಂದೆ ಹಾಕಲು ಹೋಗಬೇಡಿ. ಸಿಂಗಪುರದಲ್ಲಿ ಫುಟ್‌ಪಾತ್ ಮೇಲೆ ಸೈಕಲ್ಲಿಗೆ ಅನುಮತಿ ಇದೆ, ಆದರೆ ಮಿತಿ ಗಂಟೆಗೆ 10 ಕಿ.ಮೀ. ನಮ್ಮಲ್ಲಿ ಹಾಗೆ ಬರೆದ ಮಿತಿ ಎಲ್ಲೂ ಕಾಣಿಸುವುದಿಲ್ಲ. ನಾವೇ ಹಾಕಿಕೊಳ್ಳಬೇಕು.

ಬ್ಯಾಟರಿ ಸೈಕಲ್, ಬಾಡಿಗೆಯ ಪುಟ್ಟ ಇ-ಬೈಕ್ ಓಡಿಸುವವರಿಗೆ ಇದು ಇನ್ನೂ ಜಾಸ್ತಿ ಅನ್ವಯ. 250 ವಾಟ್ ಮೀರದ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗೆ ಲೈಸೆನ್ಸ್ ಬೇಡ ಅನ್ನುವುದು ನಿಜ. ಆದರೆ ಅದರ ಸದ್ದು ಅಷ್ಟಾಗಿ ಕೇಳುವುದಿಲ್ಲ. ಪಕ್ಕಕ್ಕೆ ಬಂದಾಗಲೇ ಗೊತ್ತಾಗುವುದು.

ಹೆಜ್ಜೆ 4: ಬೆನ್ನು ನೋಡಿ ಊಹಿಸಿ

ಇದೇ ನಿಜವಾದ ಕೌಶಲ. ಮುಖ ಕಾಣದಿದ್ದರೂ ಬೆನ್ನು, ಕುತ್ತಿಗೆ, ಹೆಜ್ಜೆ ನೋಡಿಯೇ ಬಹಳ ತಿಳಿಯುತ್ತದೆ.

ಕುತ್ತಿಗೆ ಬಗ್ಗಿದೆ, ಹೆಜ್ಜೆ ನಿಧಾನ, ದಾರಿ ಸ್ವಲ್ಪ ಸೊಟ್ಟ. ಇವರು ಟೈಪ್ ಮಾಡುತ್ತಿದ್ದಾರೆ. ನೇರ ಹೋಗುವುದಿಲ್ಲ.

ಕೈ ಆಡಿಸುತ್ತಾ ಜೋರಾಗಿ ಮಾತಾಡುತ್ತಿದ್ದಾರೆ. ಮಾತು ಬಿಸಿಯಾದಾಗ ಗಕ್ಕನೆ ನಿಲ್ಲುತ್ತಾರೆ. ಫೋನ್ ಮುಗಿದಾಗಲೂ ಅಷ್ಟೇ, ನಿಂತು ಬಂದ ದಾರಿಗೇ ತಿರುಗಿಬಿಡುತ್ತಾರೆ. ಇವರ ಹಿಂದೆ ಅಂಟಿಕೊಂಡು ಹೋಗಬೇಡಿ.

ಸೆಲ್ಫಿ ತೆಗೆಯುವವರು ಚೌಕಟ್ಟು ಸರಿ ಮಾಡಲು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಎದುರಿನಿಂದ ಫೋಟೋ ತೆಗೆಯುವವರು ಇನ್ನೂ ಹಿಂದಕ್ಕೆ. ಇನ್ನು ನಮ್ಮ ಪಾರ್ಕುಗಳಲ್ಲಿ ಮಂಡಿಗೆ ಒಳ್ಳೆಯದು ಅಂತ ಬೇಕಂತಲೇ ಹಿಂದಕ್ಕೆ ನಡೆಯುವವರೂ ಉಂಟು. ಅವರು ನಿಮ್ಮ ಕಡೆ ಮುಖ ಮಾಡಿದ್ದಾರೆ ಅಂದರೆ ನಿಮ್ಮ ಕಡೆ ಬರುತ್ತಿದ್ದಾರೆ ಅಂತ ಅರ್ಥ ಅಲ್ಲ.

ಇಬ್ಬರು ದಾರಿಯ ಎರಡು ಅಂಚಿನಲ್ಲಿ ಇದ್ದರೆ ಅವರು ಜೊತೆಯವರಾ ನೋಡಿ. ಜೊತೆಯವರಾದರೆ ಮಧ್ಯೆ ನುಗ್ಗಬೇಡಿ. ಬೆಲ್ ಕೇಳಿದ ತಕ್ಷಣ ಒಬ್ಬರು ಇನ್ನೊಬ್ಬರ ಕಡೆಗೆ ಓಡುತ್ತಾರೆ. ಅಮ್ಮ ಈ ಕಡೆ, ಮಗು ಆ ಕಡೆ ಅಂದರೆ ಯೋಚನೆಯೇ ಬೇಡ, ನಿಲ್ಲಿಸಿ. ಮಗು ಓಡಿಯೇ ಓಡುತ್ತದೆ.

ನಾಯಿ ಮತ್ತು ಹಿಡಿದವರ ನಡುವೆಯೂ ಹೋಗಬಾರದು. ಉದ್ದಕ್ಕೆ ಬಿಡುವ ತೆಳು ಬೆಲ್ಟು ದೂರದಿಂದ ಕಾಣುವುದೇ ಇಲ್ಲ. ನಾಯಿ ಹುಲ್ಲಿನಲ್ಲಿ, ಯಜಮಾನರು ಮೊಬೈಲಿನಲ್ಲಿ, ಬೆಲ್ಟು ದಾರಿಗೆ ಅಡ್ಡ. ಬೆಳಗ್ಗೆ ಏಳು ಗಂಟೆಗೆ ಯಾವ ಲೇಔಟಿಗೆ ಹೋದರೂ ಇದು ಸಿಗುತ್ತದೆ.

ಹೆಜ್ಜೆ 5: ಬೇಗ ತಿಳಿಸಿ, ಮೆತ್ತಗೆ ತಿಳಿಸಿ

ಬೆಲ್ ಬೇಡ ಅಂತ ಹೇಳುತ್ತಿಲ್ಲ. ಹೊಡೆಯುವ ಹೊತ್ತು ಮುಖ್ಯ. ಬಹಳ ಜನ ಮೂರು ಮೀಟರ್ ಹತ್ತಿರ ಬಂದ ಮೇಲೆ ಹೊಡೆಯುತ್ತಾರೆ. ಅಷ್ಟು ಹತ್ತಿರದ ಬೆಲ್ ಎಚ್ಚರಿಕೆ ಆಗುವುದಿಲ್ಲ, ಬೆಚ್ಚಿಬೀಳಿಸುತ್ತದೆ. ಬೆಚ್ಚಿದವರು ಯಾವ ಕಡೆ ಹಾರುತ್ತಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ನೀವು 15 ಕಿ.ಮೀ. ವೇಗದಲ್ಲಿ, ಅವರು ಅದೇ ದಿಕ್ಕಿನಲ್ಲಿ 5 ಕಿ.ಮೀ. ವೇಗದಲ್ಲಿ ಇದ್ದರೆ ಅಂತರ ಸೆಕೆಂಡಿಗೆ ಮೂರು ಮೀಟರಿನಷ್ಟು ಕಡಿಮೆಯಾಗುತ್ತದೆ. ಹದಿನೈದು ಮೀಟರ್ ದೂರದಲ್ಲಿ ಒಂದು ಸಲ ಬೆಲ್ ಹೊಡೆದರೆ ಐದು ಸೆಕೆಂಡ್ ಸಿಗುತ್ತದೆ. ತಿರುಗಿ ನೋಡಲು, ಯೋಚಿಸಲು, ಸರಿಯಲು ಅಷ್ಟು ಸಾಕು. ಒಂದೇ ಸಲ ಹೊಡೆಯಿರಿ. ಟ್ರಿಣ್ ಟ್ರಿಣ್ ಟ್ರಿಣ್ ಅಂತ ಬಿಡದೆ ಹೊಡೆದರೆ ಅದು ಬಸ್ಸಿನ ಹಾರನ್ ಆಗುತ್ತದೆ, ಜನ ಸಿಡಿಮಿಡಿ ಆಗುತ್ತಾರೆ.

ಬೆಲ್ ಹೊಡೆದ ಮೇಲೆ ಉತ್ತರ ಹುಡುಕಿ. ತಲೆ ತಿರುಗಿತಾ? ಭುಜ ಒಂದು ಕಡೆ ವಾಲಿತಾ? ಕೈ ಎತ್ತಿದರಾ? ಏನೂ ಇಲ್ಲ ಅಂದರೆ ಅವರಿಗೆ ಕೇಳಿಸಿಲ್ಲ. ಎರಡನೇ ಸಲ ಬಾಯಿಂದ ಹೇಳಿ. ಇಯರ್‌ಬಡ್ ಹಾಕಿದ ಎಷ್ಟೋ ಜನರಿಗೆ ಕೀರಲು ಬೆಲ್ಲಿಗಿಂತ ಮನುಷ್ಯರ ದನಿ ಬೇಗ ಗಮನಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ.

ಏನು ಹೇಳಬೇಕು? "ಸೈಡ್, ಸೈಡ್" ಅಂತ ಕೂಗುವುದು ನಮ್ಮ ರೂಢಿ. ಯಾವ ಸೈಡ್ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಬಲಗಡೆ!" ಅಂತ ಕೂಗಿದರೆ ಇನ್ನೂ ಕಷ್ಟ. ಅರ್ಧ ಜನ ಬಲಕ್ಕೇ ಜಿಗಿಯುತ್ತಾರೆ, ತಮಗೇ ಬಲಕ್ಕೆ ಹೋಗಲು ಹೇಳಿದರು ಅಂದುಕೊಂಡು. ಇದರ ಬದಲು ಮೊದಲು ಅವರ ಕೆಲಸ ಹೇಳಿ, ಆಮೇಲೆ ನಿಮ್ಮದು: "ಹಾಗೇ ನಡೀರಿ ಸರ್, ನಾನು ಬಲಗಡೆಯಿಂದ ಹೋಗ್ತೀನಿ." ಹಿರಿಯರಾದರೆ "ಅಮ್ಮಾ, ಹಾಗೇ ಇರಿ, ಸೈಕಲ್ ಬರ್ತಿದೆ" ಅಂದರೆ ಸಾಕು. ಮಕ್ಕಳಿಗೆ "ಪುಟ್ಟಾ, ನಿಂತ್ಕೋ" ಅಂದರೆ ಕೇಳುತ್ತಾರೆ, ಅಪ್ಪ ಅಮ್ಮ ಹೇಳಿದ್ದಕ್ಕಿಂತ ಚೆನ್ನಾಗಿಯೇ ಕೇಳುತ್ತಾರೆ. ದಾಟುವಾಗ ಒಂದು "ಥ್ಯಾಂಕ್ಸ್" ಇರಲಿ. ಮುಂದಿನ ಸಲ ಬೆಲ್ ಕೇಳಿದಾಗ ಅವರು ಮುಖ ಗಂಟು ಹಾಕಿಕೊಳ್ಳದಿರಲು ಅದೇ ಕಾರಣ ಆಗುತ್ತದೆ.

ಗುಂಪು ಇದ್ದರೆ ತಾಳ್ಮೆ ಬೇಕು. ನಾಲ್ಕು ಜನರಲ್ಲಿ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಸರಿಯುತ್ತಾರೆ. ದಾರಿ ಬಿಟ್ಟರು ಅಂತ ನೀವು ಪೆಡಲ್ ಒತ್ತುವಷ್ಟರಲ್ಲಿ ಒಬ್ಬರು ಮನಸ್ಸು ಬದಲಿಸಿ ಆ ಕಡೆಗೆ ಓಡುತ್ತಾರೆ. ಆ ಕೊನೆಯವರ ಓಡಾಟ ಮುಗಿಯುವ ತನಕ ಕಾಯಿರಿ.

ಹೆಜ್ಜೆ 6: ದಾಟುವ ಹೊತ್ತಿಗೆ ನಡಿಗೆಯ ವೇಗ

ದೂರ ಇದ್ದಾಗ ಜಾಗ್ರತೆಯಾಗಿದ್ದು, ದಾಟುವಾಗ "ಬೇಗ ಮುಗಿಸೋಣ" ಅಂತ ಜೋರು ಮಾಡುವವರೇ ಜಾಸ್ತಿ. ಇದು ಪೂರ್ತಿ ಉಲ್ಟಾ. ಹಿಂದೆ ಇದ್ದಾಗ ನಿಮ್ಮ ಮುಂದೆ ನಿಲ್ಲಲು ಜಾಗ ಇದೆ. ಪಕ್ಕಕ್ಕೆ ಬಂದಾಗ ಇರುವುದು ಪಕ್ಕದ ಅಂತರ ಮಾತ್ರ. ಅವರು ಒಂದು ಹೆಜ್ಜೆ ವಾಲಿದರೆ ಯಾವ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ಬಲಗಡೆಯಿಂದ ದಾಟಿ. ಒಂದು ಕೈ ಪೂರ್ತಿ ಚಾಚಿದಷ್ಟು, ಸಾಧ್ಯವಾದರೆ ಒಂದು ಮೀಟರ್, ಅಂತರ ಇರಲಿ. ಅಷ್ಟು ಸಿಗದಿದ್ದರೆ ವೇಗವನ್ನು ನಡಿಗೆಗೆ ಇಳಿಸಿ. ನಡಿಗೆಗಿಂತ ಒಂದಿಷ್ಟೇ ಜಾಸ್ತಿ, ದಾಟಲು ಬೇಕಾದಷ್ಟು. ಅದೂ ಆಗದಿದ್ದರೆ ದಾರಿ ಅಗಲ ಆಗುವ ತನಕ ಹಿಂದೆಯೇ ಇರಿ. ಇಂಗ್ಲೆಂಡಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್‌ಗೆ 2022ರಲ್ಲಿ ಸೇರಿಸಿದ ಮಾತೂ ಇದೇ: ನಡೆಯುವವರನ್ನು ಹತ್ತಿರದಿಂದ, ಜೋರಾಗಿ ದಾಟಬೇಡಿ, ಅದರಲ್ಲೂ ಹಿಂದಿನಿಂದ.

ನಿಧಾನವಾಗಿ ತುಳಿದರೆ ಸೈಕಲ್ ಓಲಾಡುತ್ತದೆ, ಅದೂ ಅಪಾಯವೇ. ಇದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಮುಂಚೆಯೇ ಹಗುರ ಗೇರಿಗೆ ಬನ್ನಿ. ಪೆಡಲ್ ನಿಲ್ಲಿಸಬೇಡಿ, ಹಿಂದಿನ ಬ್ರೇಕನ್ನು ತುಸುವೇ ಹಿಡಿದುಕೊಂಡು ಅದರ ವಿರುದ್ಧ ತುಳಿಯಿರಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಏಳೆಂಟು ಮೀಟರ್ ಮುಂದೆ ಇರಲಿ. ಖಾಲಿ ಮೈದಾನದಲ್ಲಿ ಒಂದು ಗೆರೆ ಎಳೆದು ಅದರ ಮೇಲೆ ಎಷ್ಟು ನಿಧಾನ ಹೋಗಬಹುದು ಅಂತ ಸ್ನೇಹಿತರ ಜೊತೆ ಪಂದ್ಯ ಕಟ್ಟಿ. ಗಣೇಶನ ಹಬ್ಬದಲ್ಲಿ ಇಡುತ್ತಿದ್ದ ಸ್ಲೋ ಸೈಕಲ್ ರೇಸ್ ನೆನಪಿದೆಯಲ್ಲ? ಅದರಲ್ಲಿ ಗೆದ್ದವರಿಗೆ ಪಾರ್ಕು ಸುಲಭ.

ಹೆಜ್ಜೆ 7: ಅಡ್ಡ ಬಂದೇಬಿಟ್ಟರೆ ನಿಲ್ಲಿಸಿ, ತಪ್ಪಿಸಬೇಡಿ

2015ರಲ್ಲಿ ಲಂಡನ್ ಬ್ರಿಡ್ಜ್ ಹತ್ತಿರ ಒಂದು ಡಿಕ್ಕಿ ಆಯಿತು. ಸೈಕಲ್ ಸವಾರನಿಗೆ ಹಸಿರು ದೀಪ ಇತ್ತು. ಮೊಬೈಲ್ ನೋಡುತ್ತಾ ಒಬ್ಬ ಮಹಿಳೆ ರಸ್ತೆ ದಾಟುತ್ತಿದ್ದರು. ಅವನು ಕೂಗಿದ, ಏರ್‌ಹಾರನ್ ಒತ್ತಿದ, ಪಕ್ಕಕ್ಕೆ ತಿರುಗಿಸಿದ. ಅವರು ಗಾಬರಿಯಾಗಿ ಹಿಂದಕ್ಕೆ ಸರಿದರು. ಅವನು ತಿರುಗಿಸಿದ್ದೂ ಅದೇ ಕಡೆಗೆ. ಕೇಸು ನಡೆದು 2019ರಲ್ಲಿ ತೀರ್ಪು ಬಂತು. ಇಬ್ಬರ ಜವಾಬ್ದಾರಿಯೂ ಅರ್ಧರ್ಧ ಅಂದರು ನ್ಯಾಯಾಧೀಶರು. ಜನ ಅನಿರೀಕ್ಷಿತವಾಗಿ ನಡೆದುಕೊಳ್ಳುತ್ತಾರೆ, ಸೈಕಲ್ ಸವಾರರು ಅದಕ್ಕೆ ತಯಾರಿರಬೇಕು ಅನ್ನುವುದು ಅವರ ಮಾತಿನ ಸಾರ. ಹಸಿರು ದೀಪ ಇತ್ತು, ಹಾರನ್ ಹೊಡೆದಿದ್ದ, ಆದರೂ ಅರ್ಧ ಹೊಣೆ ಬಂತು. ಈ ತೀರ್ಪಿನ ಬಗ್ಗೆ ಅಲ್ಲಿ ದೊಡ್ಡ ಜಗಳವೇ ಆಯಿತು. ನನಗೆ ಆ ಜಗಳಕ್ಕಿಂತ ಡಿಕ್ಕಿ ಆದ ರೀತಿಯೇ ಮುಖ್ಯ ಅನಿಸುತ್ತದೆ.

ಕಾರಿಡಾರಿನಲ್ಲಿ ಇಬ್ಬರು ಎದುರಾದಾಗ ಒಂದೇ ಕಡೆ ಸರಿದು ನಗುತ್ತಾರಲ್ಲ, ಸೈಕಲ್ ಮೇಲೆ ಅದೇ ಆದರೆ ಆಸ್ಪತ್ರೆ. ನೀವು ತಿರುಗಿಸುವ ಕಡೆಗೇ ಅವರು ಜಿಗಿಯುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಮೊದಲ ಕೆಲಸ ನೇರ ಹೋಗುತ್ತಲೇ ಎರಡೂ ಬ್ರೇಕ್ ಹಿಡಿಯುವುದು. ಮೈಯನ್ನು ಸೀಟಿನ ಹಿಂಭಾಗಕ್ಕೆ ತಳ್ಳಿ, ತೋಳು ಬಿಗಿ ಮಾಡಿ. ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ, ಆದರೆ ಒಮ್ಮೆಗೇ ಕಚ್ಚಿ ಹಿಡಿದರೆ ತಲೆ ಮುಂದಾಗಿ ಬೀಳುತ್ತೀರಿ. ಒತ್ತುತ್ತಾ ಹೋಗಿ. ಕಾಲು ನೆಲಕ್ಕೆ ತಾಗುವಷ್ಟು ನಿಧಾನ ಆದ ಮೇಲೆ ಬೇಕಾದರೆ ಪಕ್ಕಕ್ಕೆ ತಿರುಗಿಸಿ.

ಮಳೆ ಮತ್ತು ಮಬ್ಬುಗತ್ತಲು

ಮಳೆಗಾಲದಲ್ಲಿ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ರಿಮ್ ಬ್ರೇಕ್ (ಚಕ್ರದ ಅಂಚನ್ನು ರಬ್ಬರಿನಿಂದ ಒತ್ತಿ ಹಿಡಿಯುವ ಬ್ರೇಕ್) ಇರುವ ಸೈಕಲ್ಲಿನಲ್ಲಿ ಒದ್ದೆ ರಬ್ಬರು ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಪಾಚಿ ಕಟ್ಟಿದ ಇಂಟರ್‌ಲಾಕ್ ಟೈಲ್ಸ್, ಉದುರಿ ಒದ್ದೆಯಾದ ಎಲೆ ಮತ್ತು ಹೂವು, ಎಲ್ಲ ಜಾರುತ್ತವೆ. ಏಪ್ರಿಲ್ ಮೇ ಮಳೆಯಲ್ಲಿ ಗುಲ್‌ಮೊಹರ್ ಬಿದ್ದ ದಾರಿ ನೋಡಲು ಚಂದ, ಬ್ರೇಕ್ ಹಿಡಿಯಲು ಅಲ್ಲ. ಕೊಡೆ ಹಿಡಿದವರಿಗೆ ನಿಮ್ಮ ಅರ್ಧ ಮೈ ಮಾತ್ರ ಕಾಣುತ್ತದೆ, ಮಳೆ ಸದ್ದಿನಲ್ಲಿ ಬೆಲ್ ಕೇಳುವುದಿಲ್ಲ.

ಸಂಜೆ ಆರೂವರೆಯ ಮೇಲೆ ಇನ್ನೊಂದು ತೊಂದರೆ. ಹೊಳೆಯುವ ಪರದೆ ನೋಡಿ ತಲೆ ಎತ್ತಿದವರ ಕಣ್ಣಿಗೆ ಕೆಲವು ಕ್ಷಣ ಕತ್ತಲೇ ಕಾಣುತ್ತದೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಕಿ. ಮುಂದಿನ ದೀಪ ನೆಲದ ಕಡೆ ಬಾಗಿರಲಿ. ಎದುರಿನವರ ಮುಖಕ್ಕೆ ಹೊಡೆದರೆ ಅವರು ಕಣ್ಣು ಮುಚ್ಚಿ ನಡುದಾರಿಯಲ್ಲೇ ನಿಲ್ಲುತ್ತಾರೆ. ಪೆಡಲಿನ ರಿಫ್ಲೆಕ್ಟರ್ ಚಂದ ಇಲ್ಲ ಅಂತ ಕಿತ್ತು ಹಾಕಬೇಡಿ. ಮೇಲೆ ಕೆಳಗೆ ಆಡುವ ಆ ಬೆಳಕು ನೋಡಿಯೇ ಇದು ಸೈಕಲ್ ಅಂತ ಗೊತ್ತಾಗುವುದು.

ನಡೆಯುವವರಿಗೆ

ಫೋನ್ ಬಿಟ್ಟು ನಡೆಯಿರಿ ಅಂತ ಹೇಳುವುದಿಲ್ಲ, ಹೇಳಿದರೆ ಕೇಳುವವರು ಯಾರು? ಚೀನಾದ ಚಾಂಗ್‌ಚಿಂಗ್ ನಗರದಲ್ಲಿ 2014ರಲ್ಲಿ ಮೊಬೈಲ್ ನೋಡುತ್ತಾ ನಡೆಯುವವರಿಗೇ ಅಂತ ಗೆರೆ ಎಳೆದು ಒಂದು ಓಣಿ ಮಾಡಿದ್ದರು. ಜನ ಅದರಲ್ಲಿ ನಡೆಯುವ ಬದಲು ನಿಂತು ಅದರ ಫೋಟೋ ತೆಗೆದರು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 2016ರಲ್ಲಿ ಟ್ರಾಮ್ ನಿಲ್ದಾಣದ ನೆಲದಲ್ಲೇ ಸಿಗ್ನಲ್ ದೀಪ ಹುದುಗಿಸಿದರು, ತಲೆ ಬಗ್ಗಿಸಿದವರಿಗೂ ಕಾಣಲಿ ಅಂತ. ನನ್ನ ಕೋರಿಕೆ ಅಷ್ಟು ದೊಡ್ಡದಲ್ಲ.

ಒಂದೇ ಅಂಚು ಹಿಡಿದು ನೇರ ನಡೆಯಿರಿ. ಎಡ ಆಗಲಿ ಬಲ ಆಗಲಿ, ನೇರ ಇದ್ದರೆ ಸೈಕಲ್‌ನವರು ಲೆಕ್ಕ ಹಾಕುತ್ತಾರೆ. ಗೆರೆ ಬದಲಿಸುವ, ತಿರುಗುವ, ನಿಲ್ಲುವ ಮುಂಚೆ ಒಂದು ಸಲ ಹಿಂದೆ ನೋಡಿ. ಮೆಸೇಜ್ ಟೈಪ್ ಮಾಡಬೇಕು ಅಂದರೆ ದಾರಿಯಿಂದ ಹುಲ್ಲಿಗೆ ಇಳಿದು ನಿಂತು ಟೈಪ್ ಮಾಡಿ. ಇಯರ್‌ಫೋನ್ ಬೇಕೇ ಬೇಕು ಅಂದರೆ ದಾರಿ ಕಡೆಯ ಕಿವಿ ಖಾಲಿ ಬಿಡಿ, ಇಲ್ಲವೇ ಹೊರಗಿನ ಸದ್ದು ಒಳಬಿಡುವ ಮೋಡ್ ಹಾಕಿಕೊಳ್ಳಿ. ಹಿಂದೆ ಬೆಲ್ ಕೇಳಿದರೆ ಜಿಗಿಯಬೇಡಿ. ಇದ್ದ ಕಡೆಯೇ ನಡೆಯುತ್ತಾ ಇರಿ, ದಾಟಿ ಹೋಗುವ ಕೆಲಸ ಅವರದ್ದು.

ಚಿಕ್ಕ ಮಕ್ಕಳನ್ನು ದಾರಿಯ ಅಂಚಿನ ಕಡೆ ಇಟ್ಟುಕೊಂಡು, ನೀವು ಸೈಕಲ್ ಬರುವ ಕಡೆ ಇರಿ.

ಪಾರ್ಕು, ಅಪಾರ್ಟ್‌ಮೆಂಟ್ ನೋಡಿಕೊಳ್ಳುವವರಿಗೆ

ಸೈಕಲ್ ನಿಧಾನ ಆಗಲಿ ಅಂತ ಹಂಪ್ ಹಾಕಬೇಡಿ. ದೊಡ್ಡವರು ಪಕ್ಕದಿಂದ ನುಸುಳುತ್ತಾರೆ, ಮಕ್ಕಳು ಬೀಳುತ್ತಾರೆ, ಅಜ್ಜಂದಿರು ಎಡವುತ್ತಾರೆ. ಗಿಡ ಕತ್ತರಿಸಿ ತಿರುವಿನಲ್ಲಿ ಆಚೆ ಬದಿ ಕಾಣುವಂತೆ ಮಾಡಿ, ಇದಕ್ಕೆ ಖರ್ಚೂ ಇಲ್ಲ. ನೆಲದ ಮೇಲೆ ಹಳದಿ ಗೆರೆ, ನಡೆಯುವವರ ಚಿತ್ರ, ಸೈಕಲ್ ಚಿತ್ರ ಬಳಿಸಿ. ತಲೆ ಬಗ್ಗಿಸಿ ನಡೆಯುವವರಿಗೆ ಕಂಬದ ಮೇಲಿನ ಬೋರ್ಡಿಗಿಂತ ಇದು ಕಾಣುತ್ತದೆ. ದಾರಿ ಎರಡು ಮೀಟರಿಗಿಂತ ಕಿರಿದಾಗಿದ್ದರೆ ಗೆರೆ ಎಳೆದು ಪ್ರಯೋಜನ ಇಲ್ಲ, ಹೊತ್ತು ಹಂಚಿ. ವಾಕಿಂಗ್ ಜನ ಹೆಚ್ಚಿರುವ ಬೆಳಗಿನ ಎರಡು ಗಂಟೆ ಸೈಕಲ್ ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟಾದರೂ ಡಿಕ್ಕಿ ಆದರೆ

ಯಾರ ತಪ್ಪು ಅನ್ನುವ ಮಾತು ಆಮೇಲೆ. ಮೊದಲು ನಿಲ್ಲಿ. ಬಿದ್ದವರನ್ನು ತಕ್ಷಣ ಎಳೆದು ನಿಲ್ಲಿಸಬೇಡಿ, ಸುತ್ತ ಸೇರಿದವರು ಅದನ್ನೇ ಮಾಡಲು ಬರುತ್ತಾರೆ, ತಡೆಯಿರಿ. ಹಿರಿಯರಿಗೆ ಸೊಂಟದ ಹತ್ತಿರ ನೋವು, ಕಾಲು ಊರಲು ಆಗುತ್ತಿಲ್ಲ, ಪಾದ ಹೊರಗೆ ತಿರುಗಿದೆ ಅಂದರೆ ಮೂಳೆ ಮುರಿದಿರಬಹುದು. ಮಲಗಿದ್ದಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ. 112 ಕೂಡ ಆಗುತ್ತದೆ.

ತಲೆಗೆ ಪೆಟ್ಟು ಬಿದ್ದಿದ್ದರೆ ಎದ್ದು "ಏನೂ ಆಗಿಲ್ಲ ಬಿಡಪ್ಪ" ಅಂದರೂ ನಂಬಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಬಂದರೂ ನೇರ ಆಸ್ಪತ್ರೆಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಹೌದು ಅಂದರೆ ಲಕ್ಷಣ ಬರುವ ತನಕ ಕಾಯದೆ ಕರೆದುಕೊಂಡು ಹೋಗಿ. ತರಚಿದ ಗಾಯವಾದರೆ ಬಾಟಲಿ ನೀರು ಸುರಿದು ಮಣ್ಣು ತೊಳೆಯಿರಿ.

ಇಬ್ಬರ ಫೋನ್ ನಂಬರೂ ಬದಲಾಯಿಸಿಕೊಳ್ಳಿ. ಸೈಕಲ್ಲಿಗೆ ಲೈಸೆನ್ಸ್ ಬೇಡ, ಹಾಗಾಗಿ ಕೇಸೂ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಅಜಾಗರೂಕವಾಗಿ ಓಡಿಸಿದ ಯಾವುದೇ ವಾಹನದ ಬಗ್ಗೆ ಮಾತಾಡುತ್ತದೆ, ಎಂಜಿನ್ ಇರಬೇಕು ಅಂತ ಅದರಲ್ಲಿ ಇಲ್ಲ. ಆರು ತಿಂಗಳವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನೀವೂ ಬಿದ್ದಿದ್ದರೆ ಮತ್ತೆ ಹತ್ತುವ ಮುಂಚೆ ಸೈಕಲ್ ನೋಡಿ. ಹ್ಯಾಂಡಲ್ ಚಕ್ರಕ್ಕೆ ನೇರ ಇದೆಯಾ, ಚಕ್ರ ತಿರುಗಿಸಿದಾಗ ಬ್ರೇಕಿಗೆ ಉಜ್ಜುತ್ತಿದೆಯಾ, ಲಿವರ್ ಬಾಗಿದೆಯಾ, ಇಷ್ಟನ್ನು ನೋಡಿ. ಯಾವುದರ ಮೇಲೆ ಅನುಮಾನ ಬಂದರೂ ಮನೆಯ ತನಕ ತಳ್ಳಿಕೊಂಡು ಹೋಗಿ. ತಲೆ ನೆಲಕ್ಕೆ ತಾಗಿದ್ದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಮತ್ತೆ ಹಾಕಬೇಡಿ.